22 ಲೋಹದ ಸುದ್ದಿ, ಒಂದೇ ಸೂಜಿಯ ಜಾತ್ರೆ: ಟ್ಯಾಟೂ ವಿಚಾರದಲ್ಲಿ ಅಂಜಬೇಕಾದ್ದು ಯಾವುದಕ್ಕೆ?

ಟ್ಯಾಟೂ ಇಂಕಿನಲ್ಲಿ 22 ಲೋಹಗಳು ಪತ್ತೆಯಾಗಿವೆ ಎಂದು 2025ರ ಆರಂಭದಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಎಂಬ ಹೆಸರುಗಳು ಟಿವಿ ಪರದೆಯ ಮೇಲೆ ಓಡಿದವು. ಎಚ್‌ಐವಿ, ಕಾಮಾಲೆ, ಚರ್ಮದ ಕ್ಯಾನ್ಸರ್ ಎಲ್ಲವೂ ಒಂದೇ ಉಸಿರಿನಲ್ಲಿ ಬಂದವು. ಇಂಕಿಗೆ ಮಾನದಂಡ ಬೇಕೆಂದು ಕೇಂದ್ರವನ್ನು ಕೇಳುವುದಾಗಿ ರಾಜ್ಯ ಸರಕಾರ ಹೇಳಿತು.

ಅಂದಿನಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಎದ್ದ ಪ್ರಶ್ನೆಗಳಿಗೆ ಆ ಸುದ್ದಿಯಲ್ಲಿ ಉತ್ತರ ಇರಲಿಲ್ಲ. ಅಜ್ಜಿಯ ಮುಂಗೈ ಮೇಲೆ ಅರವತ್ತು ವರ್ಷದಿಂದ ಹಚ್ಚಿ ಇದೆ, ಆಕೆಗೆ ಏನೂ ಆಗಿಲ್ಲವಲ್ಲ? ಈಗಾಗಲೇ ಹಾಕಿಸಿಕೊಂಡವರು ಏನು ಮಾಡಬೇಕು? ಲೇಸರ್‌ನಲ್ಲಿ ತೆಗೆಸಿದರೆ ಮುಗಿಯಿತೇ? ಮಗ ಸೇನಾ ಭರ್ತಿಗೆ ಓಡಾಡುತ್ತಿದ್ದಾನೆ, ರಟ್ಟೆಯ ಮೇಲಿನ ಚಿತ್ರ ಅಡ್ಡಿಯಾಗುತ್ತದೆಯೇ?

ಇವು ಒಂದೇ ಪ್ರಶ್ನೆಯಲ್ಲ. ಇಂಕಿನ ಅಪಾಯ ಬೇರೆ, ಸೂಜಿಯ ಅಪಾಯ ಬೇರೆ, ಅಳಿಸಲಾಗದ ಗುರುತಿನ ಪರಿಣಾಮ ಬೇರೆ. ಸುದ್ದಿ ಬಾಟಲಿಯತ್ತ ಬೆರಳು ತೋರಿಸಿತು. ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ಹತ್ತಿರದ ಅಪಾಯ ಬಾಟಲಿಗಿಂತ ಸೂಜಿಯಲ್ಲಿ ಹೆಚ್ಚಿದೆ.

22 ಎಂಬ ಸಂಖ್ಯೆ ಏನು ಹೇಳುತ್ತದೆ

ಇಂಕ್ ಎಂದರೆ ನೀರು, ಆಲ್ಕೋಹಾಲ್, ಗ್ಲಿಸರಿನ್‌ನಂಥ ದ್ರವದಲ್ಲಿ ತೇಲುವ ಬಣ್ಣದ ಪುಡಿ. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಕಂದು ಛಾಯೆಗೆ ಕಬ್ಬಿಣದ ಆಕ್ಸೈಡ್, ನೀಲಿ–ಹಸಿರಿಗೆ ತಾಮ್ರ ಸೇರಿದ ಥ್ಯಾಲೋಸಯನಿನ್ ಬಳಸುತ್ತಾರೆ. ಅಂದರೆ ಕೆಲವು ಲೋಹಗಳು ಇಂಕಿನಲ್ಲಿ ಇದ್ದೇ ಇರುತ್ತವೆ, ಬಣ್ಣವೇ ಅವು. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಹಾಗಲ್ಲ. ಸರಿಯಾಗಿ ಶುದ್ಧೀಕರಿಸದ ಕಚ್ಚಾ ಪುಡಿಯ ಜೊತೆ ಕಲಬೆರಕೆಯಾಗಿ ಬರುವಂಥವು. ಹೀಗಾಗಿ ಎಷ್ಟು ಬಗೆಯ ಲೋಹ ಸಿಕ್ಕಿತು ಎನ್ನುವುದಕ್ಕಿಂತ ಯಾವ ಇಂಕಿನಲ್ಲಿ, ಯಾವ ಲೋಹ, ಎಷ್ಟು ಪ್ರಮಾಣದಲ್ಲಿ ಎನ್ನುವುದು ಮುಖ್ಯ. ಬರೀ ಎಣಿಕೆಯಿಂದ ಹೆದರಿಕೆ ಹುಟ್ಟುತ್ತದೆ, ತಿಳಿವಳಿಕೆ ಹುಟ್ಟುವುದಿಲ್ಲ.

ಪ್ರಮಾಣದ ಮಾತಿಗೆ ಬಂದರೆ ನಿಜವಾದ ತೊಡಕು ಕಾಣುತ್ತದೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ ಅಂದಕ್ಕಾಗಿ ಮೈಗೆ ಉಜ್ಜುವ, ಸಿಂಪಡಿಸುವ ವಸ್ತುವಷ್ಟೇ ಅಲ್ಲ, ಮೈಯೊಳಗೆ ಸೇರಿಸುವ ವಸ್ತುವೂ ಕಾಂತಿವರ್ಧಕವೇ. ಈ ಅರ್ಥದಲ್ಲಿ ಟ್ಯಾಟೂ ಇಂಕನ್ನು ಅದರಡಿ ತರಲು ದಾರಿ ಇದೆ. ಆದರೆ ಕಾಂತಿವರ್ಧಕದ ಬಣ್ಣಗಳಿಗೆ ಇರುವ ಮಿತಿ ನೋಡಿ: ಹತ್ತು ಲಕ್ಷ ಭಾಗದಲ್ಲಿ ಸೀಸ 20 ಭಾಗ, ಆರ್ಸೆನಿಕ್ 2 ಭಾಗ ಮೀರಬಾರದು. ಇದು ತುಟಿಗೆ, ಕೆನ್ನೆಗೆ ಹಚ್ಚಿ ತೊಳೆದು ಹೋಗುವ ಬಣ್ಣವನ್ನು ಮನಸ್ಸಿನಲ್ಲಿಟ್ಟು ಮಾಡಿದ ಲೆಕ್ಕ. ಚರ್ಮದೊಳಗೆ ಕೂತು ಜೀವಮಾನವಿಡೀ ಉಳಿಯುವ ಬಣ್ಣಕ್ಕೆ ಯುರೋಪ್ ಒಕ್ಕೂಟ ಹಾಕಿದ ಮಿತಿ ಸೀಸಕ್ಕೆ 0.7, ಆರ್ಸೆನಿಕ್‌ಗೆ 0.5 ಭಾಗ. 2022ರ ಜನವರಿ 4ರಿಂದ ಜಾರಿಯಾದ ಆ ನಿಯಮ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿಗೆ ಕಡಿವಾಣ ಹಾಕಿತು. ಟ್ಯಾಟೂ ಇಂಕಿಗೇ ಅಂತ ಪ್ರತ್ಯೇಕ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನದಂಡ ಇಲ್ಲ ಎಂಬ ರಾಜ್ಯದ ದೂರಿಗೆ ಅರ್ಥ ಬರುವುದು ಇಲ್ಲಿ. ಈಗಿರುವ ಅಳತೆಗೋಲು ಈ ಕೆಲಸದ್ದಲ್ಲ.

ಚುಚ್ಚಿದ ಬಣ್ಣ ಏಕೆ ಹೋಗುವುದಿಲ್ಲ

ಚರ್ಮದ ಮೇಲ್ಪದರ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುತ್ತದೆ. ಮೆಹಂದಿ ಹೋಗುವುದು ಅದಕ್ಕೇ. ಟ್ಯಾಟೂ ಸೂಜಿ ಈ ಪದರವನ್ನು ದಾಟಿ ಒಂದರಿಂದ ಎರಡು ಮಿಲಿಮೀಟರ್ ಆಳದ ಒಳಪದರಕ್ಕೆ ಬಣ್ಣ ಇಳಿಸುತ್ತದೆ. ಸೂಜಿ ಮೇಲೆಯೇ ನಿಂತರೆ ಬಣ್ಣ ಹಕ್ಕಳೆಯ ಜೊತೆ ಉದುರುತ್ತದೆ. ಹೆಚ್ಚು ಆಳ ಹೋದರೆ ಕೊಬ್ಬಿನ ಪದರದಲ್ಲಿ ಹರಡಿ, ಗೆರೆಯ ಸುತ್ತ ನೀಲಿ ಮಂಜು ಕವಿದಂತೆ ಕಾಣುತ್ತದೆ.

ಒಳಗೆ ಬಿದ್ದ ಬಣ್ಣವನ್ನು ದೇಹ ಪರಕೀಯ ವಸ್ತು ಎಂದೇ ನೋಡುತ್ತದೆ. ಮ್ಯಾಕ್ರೋಫೇಜ್ ಎಂಬ ಕಾವಲು ಜೀವಕಣಗಳು ಬಂದು ಅದನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಹೊಟ್ಟೆಯಲ್ಲಿ ಬಣ್ಣ ಇಟ್ಟುಕೊಂಡೇ ಅಲ್ಲಿಯೇ ಕೂತುಬಿಡುತ್ತವೆ. ಆ ಕಣ ಸತ್ತರೆ ಬಣ್ಣ ಹೊರಬೀಳುತ್ತದೆ, ಪಕ್ಕದ ಹೊಸ ಕಣ ಅದನ್ನು ಮತ್ತೆ ನುಂಗುತ್ತದೆ. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಈ ಸರಪಳಿಯನ್ನು ತೋರಿಸಿದರು. ನಾವು ನೋಡುವ ಚಿತ್ರ ಹೀಗೆ ಒಂದು ಕಣದಿಂದ ಇನ್ನೊಂದಕ್ಕೆ ದಾಟುತ್ತ ಉಳಿದಿರುವ ಬಣ್ಣ. ಈ ಕೈಬದಲಿನಲ್ಲಿ ಗೆರೆ ಸ್ವಲ್ಪ ಸ್ವಲ್ಪವೇ ಹರಡುವುದರಿಂದ ಇಪ್ಪತ್ತು ವರ್ಷದಲ್ಲಿ ಸಣ್ಣ ಅಕ್ಷರಗಳು ಕೂಡಿಕೊಂಡು ಓದಲು ಬಾರದಂತಾಗುತ್ತವೆ.

ಎಲ್ಲ ಬಣ್ಣವೂ ಅಲ್ಲಿಯೇ ನಿಲ್ಲುವುದಿಲ್ಲ. ಬಣ್ಣದ ಅತಿ ಸಣ್ಣ ಚೂರುಗಳು ದುಗ್ಧರಸದ (ಲಿಂಫ್) ಹರಿವಿನಲ್ಲಿ ಹೋಗಿ ಕಂಕುಳ, ತೊಡೆಸಂದಿಯ ಗ್ರಂಥಿಗಳಲ್ಲಿ ಸೇರುತ್ತವೆ. ಟ್ಯಾಟೂ ಇದ್ದವರ ಗ್ರಂಥಿಯನ್ನು ಶಸ್ತ್ರಚಿಕಿತ್ಸಕರು ತೆಗೆದಾಗ ಅದಕ್ಕೂ ಅದೇ ಬಣ್ಣ ಹತ್ತಿರುವುದುಂಟು. ಸ್ತನ ಕ್ಯಾನ್ಸರ್ ಅಥವಾ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಪರೀಕ್ಷೆಯಲ್ಲಿ ಕಪ್ಪು ಗ್ರಂಥಿ ಕಂಡರೆ ವೈದ್ಯರಿಗೆ ಗೊಂದಲವಾಗಬಹುದು. ಆದ್ದರಿಂದ ಟ್ಯಾಟೂ ಇರುವ ವಿಷಯ ವೈದ್ಯರಿಗೆ ಮೊದಲೇ ಹೇಳಬೇಕು.

ಅಜ್ಜಿಗೆ ಏನೂ ಆಗಲಿಲ್ಲವಲ್ಲ?

ಈ ವಾದ ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ನಮ್ಮ ಕಡೆ ಹಚ್ಚಿ, ಬೆಳಗಾವಿಯ ಮರಾಠಿ ಮನೆಗಳಲ್ಲಿ ಗೋಂದಣ. ಕೊರವರ ಹೆಣ್ಣುಮಕ್ಕಳು ಊರೂರು ತಿರುಗಿ ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲೆಸಿ, ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಚುಚ್ಚುತ್ತಿದ್ದರು. ಆ ಹಚ್ಚಿ ಇಂದು ಹಸಿರಾಗಿ ಕಾಣುವುದು ಸೊಪ್ಪಿನ ಬಣ್ಣದಿಂದಲ್ಲ. ಚರ್ಮದ ಆಳದಲ್ಲಿರುವ ಕಪ್ಪು ಮಸಿ ಮೇಲಿನಿಂದ ನೋಡುವವರಿಗೆ ನೀಲಿ–ಹಸಿರಾಗಿಯೇ ಕಾಣುತ್ತದೆ.

ಎರಡಕ್ಕೂ ವ್ಯತ್ಯಾಸ ಇದೆ. ಅಜ್ಜಿಯ ಮೈಮೇಲೆ ಇರುವುದು ಒಂದೇ ಬಣ್ಣ, ಕೆಲವೇ ಚದರ ಸೆಂಟಿಮೀಟರ್. ಇಂದು ತೋಳು ತುಂಬ ನಾಲ್ಕೈದು ಬಣ್ಣ ತುಂಬಿಸುತ್ತಾರೆ. ಕೆಂಪು, ಹಳದಿಗೆ ಬಳಸುವ ಅಜೋ ಬಣ್ಣಗಳ ಎಷ್ಟೋ ಬಗೆಗಳು ಮೂಲದಲ್ಲಿ ಪ್ಲಾಸ್ಟಿಕ್‌ಗೆ, ಗಾಡಿಯ ಪೇಂಟಿಗೆ ತಯಾರಾದವು. ಹಾಗಂತ ಕಾಡಿಗೆಯೂ ನಿರಪಾಯಕಾರಿ ಅಲ್ಲ. ಹೊಗೆಮಸಿಯಲ್ಲಿ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದ ಸಂಯುಕ್ತಗಳು ಇರುತ್ತವೆ.

ಇನ್ನೊಂದು ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಪಟೈಟಿಸ್ ಬಿ, ಸಿ ವೈರಸ್‌ಗಳು ಯಕೃತ್ತನ್ನು ಕೆಡಿಸಲು ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಳ್ಳುತ್ತವೆ. ಹದಿನಾಲ್ಕಕ್ಕೆ ಹಚ್ಚಿ ಹಾಕಿಸಿಕೊಂಡು ನಲವತ್ತೈದಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡವರ ರೋಗವನ್ನು ಹಚ್ಚಿಯ ಸೂಜಿಗೆ ಜೋಡಿಸಿ ನೋಡಿದವರು ಯಾರು? ಏನೂ ಆಗದ ಅಜ್ಜಿ ಇಂದು ನಮ್ಮೆದುರು ಕೂತಿದ್ದಾರೆ. ಏನಾದರೂ ಆದವರು ಹೇಳಲು ಉಳಿದಿಲ್ಲ.

ಕ್ಯಾನ್ಸರ್: ಶೇ 21ರ ಸುದ್ದಿ

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟ್ಯಾಟೂ ಇದ್ದವರಲ್ಲಿ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಸಾಧ್ಯತೆ ಶೇ 21ರಷ್ಟು ಹೆಚ್ಚು ಕಂಡಿತು. ಶೇ 21 ಎಂದರೆ ನೂರರಲ್ಲಿ 21 ಮಂದಿಗೆ ಕ್ಯಾನ್ಸರ್ ಎಂದು ಓದಿಕೊಂಡವರು ಬಹಳ. ಅದು ಹಾಗಲ್ಲ. ಉದಾಹರಣೆಗೆ, ಒಂದು ಗುಂಪಿನಲ್ಲಿ ಟ್ಯಾಟೂ ಇಲ್ಲದ ಲಕ್ಷ ಮಂದಿಯಲ್ಲಿ 100 ಜನರಿಗೆ ಬರುವ ರೋಗ ಟ್ಯಾಟೂ ಇದ್ದ ಲಕ್ಷ ಮಂದಿಯಲ್ಲಿ 121 ಜನರಿಗೆ ಬಂದಂತೆ. ಅದೇ ಅಧ್ಯಯನದಲ್ಲಿ ದೊಡ್ಡ ಟ್ಯಾಟೂ ಇದ್ದವರಿಗೆ ಅಪಾಯ ಹೆಚ್ಚು ಎಂದು ಕಾಣಲಿಲ್ಲ. ಬಣ್ಣವೇ ಕಾರಣವಾಗಿದ್ದರೆ ಬಣ್ಣ ಹೆಚ್ಚಿದಂತೆ ಅಪಾಯವೂ ಏರಬೇಕಿತ್ತು. ಹೀಗಾಗಿ ಇಂಕ್ ಕ್ಯಾನ್ಸರ್ ತರುತ್ತದೆ ಎಂದು ತೀರ್ಪು ಕೊಡಲು ಇಷ್ಟು ಸಾಲದು, ಸುಮ್ಮನೆ ಬಿಡಲೂ ಆಗದು. ಗ್ರಂಥಿಯಲ್ಲಿ ಬಣ್ಣ ಕೂರುತ್ತದೆ ಎಂಬುದಂತೂ ನಿಜ.

ಸೂಜಿ: ನಾಳೆಯೇ ಆಗಬಹುದಾದ ಕೆಡಕು

ಸವದತ್ತಿ ಯಲ್ಲಮ್ಮನ ಗುಡ್ಡ, ಬಾದಾಮಿಯ ಬನಶಂಕರಿ, ವಿಜಯಪುರದ ಸಿದ್ಧೇಶ್ವರ — ಜಾತ್ರೆ ಯಾವುದೇ ಇರಲಿ, ಮಶಿನ್ ಹಚ್ಚಿಯ ಅಂಗಡಿ ಹೆಚ್ಚುಕಡಿಮೆ ಒಂದೇ ಥರ. ನೆಲಕ್ಕೆ ಹಾಸಿದ ತಾಡಪಾಲು, ಚಿತ್ರಗಳ ಫ್ಲೆಕ್ಸ್ ಬೋರ್ಡು, ಒಂದು ಬ್ಯಾಟರಿ, ಗುಂಯ್‌ಗುಡುವ ಸಣ್ಣ ಮಶಿನ್. ಬಾಟಲಿಯ ಮುಚ್ಚಳದಲ್ಲಿ ಸುರಿದ ಬಣ್ಣ. ಒಂದು ಬಟ್ಟೆ ಚೂರು.

ಆ ಮುಚ್ಚಳವನ್ನು ಹತ್ತಿರದಿಂದ ನೋಡಬೇಕು. ಸೂಜಿ ನಿಮಿಷಕ್ಕೆ ಸಾವಿರಾರು ಸಲ ಚರ್ಮಕ್ಕೆ ಬಡಿಯುತ್ತದೆ. ಪ್ರತಿ ಎರಡು ಗೆರೆಗೊಮ್ಮೆ ಬಣ್ಣಕ್ಕಾಗಿ ಮುಚ್ಚಳಕ್ಕೆ ಹೋಗಿ ಬರುತ್ತದೆ. ಹೋಗುವಾಗ ಅದರ ತುದಿಯಲ್ಲಿ ರಕ್ತವೂ ಹೋಗುತ್ತದೆ. ಕಪ್ಪು ಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಒಬ್ಬರದು ಮುಗಿದ ಮೇಲೆ ಸೂಜಿ ಬದಲಿಸಿದರೂ ಮುಚ್ಚಳದಲ್ಲಿ ಉಳಿದ ಬಣ್ಣವನ್ನು ಚೆಲ್ಲದಿದ್ದರೆ, ಹೊಸ ಸೂಜಿ ಹಳೆಯ ರಕ್ತದಲ್ಲಿ ಅದ್ದಿದಂತೆಯೇ. ಒರೆಸುವ ಬಟ್ಟೆಯದೂ ಅದೇ ಕತೆ. ಸೂಜಿ ಹೊಸದು ಹಾಕ್ತೀರೇನು ಎಂದು ಕೇಳಿದರೆ ಸಾಲುವುದಿಲ್ಲ ಅನ್ನುವುದು ಇದಕ್ಕೇ.

ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಎಂಬ ಮೂರು ವೈರಸ್‌ಗಳಲ್ಲಿ ಜನ ಹೆದರುವುದು ಎಚ್‌ಐವಿಗೆ, ಹೆಚ್ಚು ಸುಲಭವಾಗಿ ಹರಡುವುದು ಹೆಪಟೈಟಿಸ್ ಬಿ. ಆಸ್ಪತ್ರೆ ಸಿಬ್ಬಂದಿಗೆ ರೋಗಿಯ ಸೂಜಿ ಚುಚ್ಚಿದ ಪ್ರಕರಣಗಳ ಲೆಕ್ಕದಲ್ಲಿ ಎಚ್‌ಐವಿ ಸಾವಿರಕ್ಕೆ ಸುಮಾರು 3 ಮಂದಿಗೆ ಹತ್ತಿದರೆ, ಲಸಿಕೆ ಇಲ್ಲದವರಲ್ಲಿ ಹೆಪಟೈಟಿಸ್ ಬಿ ನೂರಕ್ಕೆ 6ರಿಂದ 30 ಮಂದಿಗೆ ಹತ್ತುತ್ತದೆ. ಟ್ಯಾಟೂ ಸೂಜಿ ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ, ಆದ್ದರಿಂದ ಒಂದು ಚುಚ್ಚಿಗೆ ಸಾಗುವ ರಕ್ತ ಕಡಿಮೆ. ಆದರೆ ಚುಚ್ಚು ಒಂದಲ್ಲ, ಸಾವಿರಾರು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಜೀವ ಹಿಡಿದಿರುತ್ತದೆ. ಹುಣ್ಣಿಮೆಯಂದು ಅಂಟಿದ ಕಲೆ ಮುಂದಿನ ವಾರದ ಜಾತ್ರೆಗೂ ಸೋಂಕು ಹೊತ್ತು ಹೋಗಬಹುದು.

ಪೇಟೆಯ ಸ್ಟುಡಿಯೋ ಎಂದ ಮಾತ್ರಕ್ಕೆ ನೆಮ್ಮದಿ ಬೇಡ. ಈಗ ಬಹುತೇಕ ಕಡೆ ಕಾರ್ಟ್ರಿಡ್ಜ್ ಸೂಜಿ, ಅಂದರೆ ಪುಟ್ಟ ಕೊಳವೆಯೊಳಗೇ ಕೂರಿಸಿದ, ಮಶಿನ್ನಿಗೆ ಸಿಕ್ಕಿಸಿ ಬಿಚ್ಚುವ ಸೂಜಿ ಬಳಸುತ್ತಾರೆ. ಅದರೊಳಗೆ ಒಂದು ತೆಳು ರಬ್ಬರ್ ಪೊರೆ ಇರಬೇಕು. ಕೆಲವು ಅಗ್ಗದ ಕಾರ್ಟ್ರಿಡ್ಜ್‌ಗಳಲ್ಲಿ ಅದು ಇರುವುದಿಲ್ಲ. ಪೊರೆ ಇಲ್ಲದಿದ್ದರೆ ಬಣ್ಣ–ರಕ್ತ ಹಿಂದಕ್ಕೆ ಹರಿದು ಮಶಿನ್ನಿನ ಹಿಡಿಕೆಯೊಳಗೆ ಸೇರುತ್ತದೆ, ಕಾರ್ಟ್ರಿಡ್ಜ್ ಎಷ್ಟು ಸಲ ಬದಲಿಸಿದರೂ ಹಿಡಿಕೆ ಹಳೆಯದೇ. ನೀಲಿ ಬೆಳಕಿನ ಯುವಿ ಪೆಟ್ಟಿಗೆ ತೋರಿಸಿ 'ಸ್ಟೆರಿಲೈಸ್ ಮಾಡೀವ್ರಿ' ಎನ್ನುವವರಿದ್ದಾರೆ. ಆ ಬೆಳಕು ಬಿದ್ದ ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ, ಸಂದಿಗೆ ಇಳಿಯುವುದಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿದರೂ, ಕುದಿಯುವ ನೀರಿಗೆ ಹಾಕಿದರೂ ಬ್ಯಾಕ್ಟೀರಿಯಾದ ಬೀಜಕಗಳು ಸಾಯುವುದಿಲ್ಲ. ಮತ್ತೆ ಬಳಸುವ ಲೋಹದ ಭಾಗಕ್ಕೆ ಆಟೋಕ್ಲೇವ್ ಎಂಬ ಒತ್ತಡದ ಹಬೆ ಯಂತ್ರ ಬೇಕು: 121 ಡಿಗ್ರಿ ಸೆಲ್ಸಿಯಸ್, ಚದರ ಇಂಚಿಗೆ 15 ಪೌಂಡ್ ಒತ್ತಡ, ಬಿಚ್ಚಿಟ್ಟ ಉಪಕರಣಕ್ಕೆ 15–20 ನಿಮಿಷ, ಸುತ್ತಿಟ್ಟದ್ದಕ್ಕೆ ಅರ್ಧ ಗಂಟೆ.

ನೀರಿನ ವಿಚಾರವನ್ನು ಬಹಳ ಜನ ಮರೆಯುತ್ತಾರೆ. ಛಾಯೆಗಾಗಿ ಕಪ್ಪು ಇಂಕನ್ನು ನೀರು ಹಾಕಿ ತಿಳಿ ಮಾಡುತ್ತಾರೆ. ಆ ನೀರು ನಲ್ಲಿಯದೋ ಬಿಸ್ಲೇರಿ ಬಾಟಲಿಯದೋ ಆದರೆ ಕುಡಿಯಲು ಸರಿ, ಚರ್ಮದೊಳಗೆ ಇಳಿಸಲು ಅಲ್ಲ. 2011–12ರಲ್ಲಿ ಅಮೆರಿಕದ ರೋಚೆಸ್ಟರ್ ಊರಿನಲ್ಲಿ ಟ್ಯಾಟೂ ಹಾಕಿಸಿಕೊಂಡ 19 ಮಂದಿಗೆ ತಿಂಗಳುಗಟ್ಟಲೆ ಮಾಗದ ಗುಳ್ಳೆಗಳೆದ್ದವು. ಕ್ಷಯದ ಬ್ಯಾಕ್ಟೀರಿಯಾದ ಬಳಗಕ್ಕೇ ಸೇರಿದ ಸೂಕ್ಷ್ಮಜೀವಿ ಕಾರಣವಾಗಿತ್ತು. ಅದು ಬಂದದ್ದು ಮೊದಲೇ ತಿಳಿ ಮಾಡಿ ಮಾರಿದ ಬೂದು ಇಂಕಿನಿಂದ. ಸಾಮಾನ್ಯ ಆಂಟಿಬಯಾಟಿಕ್ ಅದಕ್ಕೆ ನಾಟುವುದಿಲ್ಲ. ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸೀಲ್ ಒಡೆಯದ 75 ಇಂಕ್ ಬಾಟಲಿಗಳ ಪೈಕಿ 26ರಲ್ಲಿ ಬ್ಯಾಕ್ಟೀರಿಯಾ ಇದ್ದವು, 'ಸ್ಟೆರೈಲ್' ಎಂದು ಬರೆದವೂ ಅದರಲ್ಲಿದ್ದವು. ಬಾಟಲಿಯ ಬಗ್ಗೆ ಅಂಜುವುದಾದರೆ ಲೋಹಕ್ಕಿಂತ ಮೊದಲು ಇದಕ್ಕೆ ಅಂಜಬೇಕು.

ಹಾಕಿಸಿಕೊಳ್ಳಲೇಬೇಕು ಎನ್ನುವವರು ಕುರ್ಚಿಯಲ್ಲಿ ಕೂರುವ ಮೊದಲು ನೋಡಬೇಕಾದ್ದು ಇಷ್ಟು. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಹರಿಯಬೇಕು, ಅದರ ಮೇಲೆ ಲಾಟ್ ನಂಬರು, ಮುಕ್ತಾಯದ ದಿನಾಂಕ ಇರಬೇಕು. ಇಂಕನ್ನು ಹೊಸ ಪುಟ್ಟ ಬಟ್ಟಲಿಗೆ ಸುರಿದು, ಉಳಿದದ್ದನ್ನು ಚೆಲ್ಲಬೇಕೇ ಹೊರತು ಬಾಟಲಿಗೆ ವಾಪಸು ಹಾಕಬಾರದು. ಮಶಿನ್ನಿಗೆ, ಅದರ ವೈರಿಗೆ, ಸ್ಪ್ರೇ ಬಾಟಲಿಗೆ ಪ್ಲಾಸ್ಟಿಕ್ ಹೊದಿಕೆ ಇರಬೇಕು. ಹಾಕುವವರು ಗ್ಲೌಸ್ ತೊಟ್ಟ ಕೈಯಲ್ಲಿ ಮೊಬೈಲ್ ಎತ್ತಿದರೆ ಗ್ಲೌಸ್ ಬದಲಿಸಬೇಕು, ಇದರಲ್ಲಿ ತಪ್ಪುವವರೇ ಜಾಸ್ತಿ. ತಿಳಿ ಮಾಡಲು ಔಷಧದಂಗಡಿಯ ಸ್ಟೆರೈಲ್ ನೀರೇ ಆಗಬೇಕು. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ ಬೀಳಬೇಕು. ಇಂಕಿನ ಹೆಸರು, ಬ್ಯಾಚ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಅಲರ್ಜಿ ಆದರೆ ಚರ್ಮರೋಗ ತಜ್ಞರು ಕೇಳುವ ಮೊದಲ ಪ್ರಶ್ನೆ ಅದೇ.

ಹೆಪಟೈಟಿಸ್ ಬಿ ಲಸಿಕೆ ನಮ್ಮ ದೇಶದ ಮಕ್ಕಳ ಲಸಿಕೆ ಪಟ್ಟಿಗೆ ಎಲ್ಲ ರಾಜ್ಯಗಳಲ್ಲೂ ಸೇರಿದ್ದು 2011ರ ಸುಮಾರಿಗೆ. ಅದಕ್ಕೂ ಮೊದಲು ಹುಟ್ಟಿದ, ಅಂದರೆ ಈಗ ಟ್ಯಾಟೂ ವಯಸ್ಸಿನಲ್ಲಿರುವ ಬಹಳಷ್ಟು ಮಂದಿಗೆ ಅದು ಬಿದ್ದಿರಲಿಕ್ಕಿಲ್ಲ. ದೊಡ್ಡವರಿಗೆ ಮೂರು ಚುಚ್ಚುಮದ್ದು: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಮಾತ್ರೆಯಿಂದ ಗುಣವಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಉಚಿತ. ಈಗಾಗಲೇ ಜಾತ್ರೆಯಲ್ಲಿ ಹಾಕಿಸಿಕೊಂಡವರು ಮೂರು ತಿಂಗಳು ಕಳೆದ ಮೇಲೆ ಜಿಲ್ಲಾಸ್ಪತ್ರೆಯಲ್ಲಿ ಮೂರೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಟ್ಯಾಟೂ ಹಾಕಿಸಿಕೊಂಡವರ ರಕ್ತವನ್ನು ಹನ್ನೆರಡು ತಿಂಗಳು ತೆಗೆದುಕೊಳ್ಳಬಾರದೆಂಬ ನಿಯಮ ರಕ್ತನಿಧಿಗಳಿಗೆ ಇದೆ. ಜಯಂತಿ, ಹುಟ್ಟುಹಬ್ಬದ ರಕ್ತದಾನ ಶಿಬಿರಗಳ ಗಡಿಬಿಡಿಯಲ್ಲಿ ತೋಳು ಮುಚ್ಚಿಕೊಂಡು ಮಲಗಿದರೆ ಅಪಾಯ ರಕ್ತ ಪಡೆಯುವವರಿಗೆ.

ಮಾಗುವ ಮೂರು ವಾರ

ಹೊಸ ಟ್ಯಾಟೂ ಎಂದರೆ ತೆರೆದ ಗಾಯ. ಮೊದಲ ಎರಡು ಮೂರು ದಿನ ಕೆಂಪಾಗುವುದು, ತಿಳಿ ನೀರು ಜಿನುಗುವುದು, ವಾರಕ್ಕೆ ಹಕ್ಕಳೆ ಕಟ್ಟಿ ತುರಿಸುವುದು ಸಹಜ. ದಿನಕ್ಕೆ ಎರಡು ಸಲ ವಾಸನೆ ಇಲ್ಲದ ಸೋಪು, ಶುದ್ಧ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ತೆಳುವಾಗಿ ಮುಲಾಮು ಹಚ್ಚಿದರೆ ಸಾಕು. ದಪ್ಪ ಮೆತ್ತಿದರೆ ಗಾಯ ಬೆವತು ಹಕ್ಕಳೆ ಮೆತ್ತಗಾಗಿ ಬಣ್ಣದ ಸಮೇತ ಕಿತ್ತು ಬರುತ್ತದೆ.

ನಮ್ಮ ಹವೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ, ಕಬ್ಬಿನ ರವದಿಯ ಧೂಳಿನಲ್ಲಿ, ಸಗಣಿ ಗೊಬ್ಬರದ ಕೆಲಸದಲ್ಲಿ ತೆರೆದ ಗಾಯ ಇಟ್ಟುಕೊಳ್ಳುವುದೆಂದರೆ ಸೋಂಕನ್ನು ಕರೆದಂತೆ. ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷದೊಳಗೆ ಆಗಿದೆಯೇ ನೋಡಿಕೊಳ್ಳಬೇಕು. ಕೃಷ್ಣೆ, ಮಲಪ್ರಭೆ, ಘಟಪ್ರಭೆ, ಬಾವಿ, ಕೆರೆ ಎಲ್ಲಿಯೂ ಮೂರು ವಾರ ಮುಳುಗು ಹಾಕಬಾರದು, ಕೂಡಲಸಂಗಮಕ್ಕೂ ವಿನಾಯಿತಿ ಇಲ್ಲ. ಅಡುಗೆಮನೆಯ ಅರಿಶಿನ ಗಾಯಕ್ಕೆ ಬೇಡ. ಅರಿಶಿನದ ಗುಣ ಏನೇ ಇರಲಿ, ಡಬ್ಬಿಯ ಪುಡಿ ಸೂಕ್ಷ್ಮಜೀವಿಗಳಿಂದ ಮುಕ್ತವಾಗಿರುವುದಿಲ್ಲ. ಕೀವು, ಜ್ವರ, ಗಾಯದಿಂದ ಮೇಲಕ್ಕೆ ಹರಿಯುವ ಕೆಂಪು ಗೆರೆ, ನಾಲ್ಕನೆಯ ದಿನದ ನಂತರವೂ ಏರುವ ನೋವು ಕಂಡರೆ ಅಂದೇ ವೈದ್ಯರ ಬಳಿ ಹೋಗಬೇಕು.

ಕೆಲವು ತೊಂದರೆ ತಡವಾಗಿ ಬರುತ್ತವೆ. ಕೆಂಪು ಬಣ್ಣ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೇಲೆ ದಡ್ಡುಗಟ್ಟಿ ತುರಿಸಬಹುದು, ಚಿತ್ರದಲ್ಲಿ ಕೆಂಪು ಇದ್ದ ಕಡೆಯಷ್ಟೇ ಉಬ್ಬುತ್ತದೆ. ಎದೆ, ಭುಜದ ಮೇಲೆ ಗಾಯವಾದರೆ ಗಂಟುಗಟ್ಟುವ, ಅಂದರೆ ಕೀಲಾಯ್ಡ್ ಪ್ರಕೃತಿಯವರು ಟ್ಯಾಟೂ ತಂಟೆಗೇ ಹೋಗಬಾರದು. ಕಿವಿ ಚುಚ್ಚಿದಾಗ ಗಂಟಾಗಿತ್ತೇ ಎಂದು ಅವ್ವನನ್ನು ಕೇಳಿದರೆ ಗೊತ್ತಾಗುತ್ತದೆ. ಸೋರಿಯಾಸಿಸ್, ತೊನ್ನು ಇರುವವರಿಗೆ ಚುಚ್ಚಿದ ಗೆರೆಯ ಮೇಲೆಯೇ ಅದು ಹೊಸದಾಗಿ ಮೂಡಬಹುದು.

ತಾತ್ಕಾಲಿಕ ಎಂದು ಮಾರುವ ಕರಿ ಮೆಹಂದಿಯೂ ಮುಗ್ಧವಲ್ಲ. ಗೋರಂಟಿ ಸೊಪ್ಪು ಕಿತ್ತಳೆ–ಕಂದು ಬಣ್ಣ ಕೊಡುತ್ತದೆ, ಕಪ್ಪು ಕೊಡುವುದಿಲ್ಲ. ಗಂಟೆಯೊಳಗೆ ಕಪ್ಪಾದರೆ ಅದರಲ್ಲಿ ಕೂದಲ ಬಣ್ಣಕ್ಕೆ ಬಳಸುವ ಪಿಪಿಡಿ ಎಂಬ ರಾಸಾಯನಿಕ ಇದೆ ಎಂದೇ ಅನುಮಾನಿಸಬೇಕು. ಗುಳ್ಳೆ ಎದ್ದು ಹೋದರೂ ಅಲರ್ಜಿ ಜೀವನಪೂರ್ತಿ ಉಳಿದು, ಮುಂದೆ ತಲೆಗೆ ಡೈ ಹಚ್ಚಿದಾಗ ಮುಖ ಊದಬಹುದು.

ಲೇಸರ್: ಅಳಿಸುವುದಲ್ಲ, ಪುಡಿ ಮಾಡುವುದು

ಲೇಸರ್ ಬೆಳಕು ಬಣ್ಣದ ಕಣವನ್ನು ಸೆಕೆಂಡಿನ ಶತಕೋಟಿ ಭಾಗದಷ್ಟು ಹೊತ್ತಿನಲ್ಲಿ ಕಾಯಿಸಿ ಒಡೆಯುತ್ತದೆ. ಚೂರುಗಳನ್ನು ಸಾಗಿಸುವ ಕೆಲಸ ದೇಹದ್ದೇ, ಅದಕ್ಕೆ ಸಮಯ ಬೇಕು. ಆದ್ದರಿಂದ ಒಂದು ಸಲಕ್ಕೂ ಇನ್ನೊಂದಕ್ಕೂ ಆರರಿಂದ ಎಂಟು ವಾರ ಬಿಡುತ್ತಾರೆ. ಎಂಟು ಸಲ ಬೇಕಾಯಿತು ಎಂದುಕೊಂಡರೂ ಹತ್ತಿರ ಹತ್ತಿರ ಒಂದು ವರ್ಷ.

ಕಪ್ಪಿಗೆ 1064 ನ್ಯಾನೋಮೀಟರ್ ತರಂಗ ಚೆನ್ನಾಗಿ ಹಿಡಿಯುತ್ತದೆ, ನಮ್ಮ ಮೈಬಣ್ಣಕ್ಕೂ ಅದು ಹೆಚ್ಚು ಸುರಕ್ಷಿತ. ಕೆಂಪಿಗೆ ಬೇಕಾದ 532 ನ್ಯಾನೋಮೀಟರ್ ಬೆಳಕನ್ನು ಚರ್ಮದ ಸಹಜ ಬಣ್ಣವೂ ಹೀರುವುದರಿಂದ ಬಿಳಿ ಮಚ್ಚೆ ಅಥವಾ ಸುಟ್ಟ ಕಲೆ ಉಳಿಯುವ ಸಂಭವ ಇದೆ. ಹಸಿರು, ನೀಲಿಗೆ ಬೇರೆಯೇ ಲೇಸರ್ ಬೇಕು. ಬಿಳಿ ಮತ್ತು ಮೈಬಣ್ಣದ ಇಂಕ್ ಲೇಸರ್ ತಗುಲಿದೊಡನೆ ಕಪ್ಪಾಗಿಬಿಡಬಹುದು. ಬ್ಯೂಟಿ ಪಾರ್ಲರ್‌ನಲ್ಲಿ ತುಟಿ, ಹುಬ್ಬಿಗೆ ಪರ್ಮನೆಂಟ್ ಮೇಕಪ್ ಮಾಡಿಸಿದವರು ಇದನ್ನು ಗಮನಿಸಬೇಕು.

ಆನ್‌ಲೈನಿನಲ್ಲಿ ಸಿಗುವ ಕ್ರೀಮುಗಳು ಒಳಪದರವನ್ನು ಮುಟ್ಟುವುದಿಲ್ಲ. ಮುಟ್ಟುವಂಥದ್ದು ಆಸಿಡ್ ಇರುವ ಕ್ರೀಮು, ಅದು ಚರ್ಮವನ್ನೇ ಸುಡುತ್ತದೆ. ಸುಣ್ಣ ಹಚ್ಚುವುದು, ಉಪ್ಪು ಹಾಕಿ ತಿಕ್ಕುವುದು ಕೂಡ ಅಷ್ಟೇ: ಚಿತ್ರ ಹೋಗಿ ಗಾಯದ ಗುರುತು ನಿಲ್ಲುತ್ತದೆ.

ಭರ್ತಿಗೆ ಹೋಗುವವರ ಲೆಕ್ಕ

ಮರಾಠಾ ಲಘು ಪದಾತಿ ದಳದ ರೆಜಿಮೆಂಟ್ ಕೇಂದ್ರ ಬೆಳಗಾವಿಯಲ್ಲಿದೆ, ಸೈನಿಕ ಶಾಲೆ ವಿಜಯಪುರದಲ್ಲಿದೆ. ಬೆಳಗಿನ ಜಾವ ಹೆದ್ದಾರಿ ಬದಿಯಲ್ಲಿ ಓಡುವ ಹುಡುಗರು ಈ ಭಾಗದಲ್ಲಿ ಹೊಸತೇನಲ್ಲ. ಇವರಿಗೆ 22 ಲೋಹಗಳಿಗಿಂತ ಟ್ಯಾಟೂ ಎಲ್ಲಿದೆ ಎನ್ನುವುದು ದೊಡ್ಡ ಪ್ರಶ್ನೆ.

ಸೇನೆ ಸಾಮಾನ್ಯವಾಗಿ ಒಪ್ಪುವುದು ಎರಡೇ ಜಾಗ: ಮೊಣಕೈ ಒಳಬದಿಯಿಂದ ಮಣಿಕಟ್ಟಿನವರೆಗಿನ ಮುಂಗೈಯ ಒಳಮೈ, ಮತ್ತು ಹಸ್ತದ ಹಿಂಬದಿ. ಸಂಪ್ರದಾಯದ ಹಚ್ಚಿ ಇರುವ ಬುಡಕಟ್ಟು ಸಮುದಾಯಗಳಿಗೆ ವಿನಾಯಿತಿ ಇದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನಿಯಮ ಇನ್ನೂ ಬಿಗಿ: ಮುಂಗೈ ಆದರೆ ಎಡಗೈ ಮಾತ್ರ, ಏಕೆಂದರೆ ಸೆಲ್ಯೂಟ್ ಹೊಡೆಯುವುದು ಬಲಗೈ. ಅಳತೆ ಆ ಅಂಗದ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಹೀಗಾಗಿ ಬಲ ಮುಂಗೈ ಒಳಬದಿಯ ಚಿತ್ರ ಸೇನೆಯಲ್ಲಿ ನಡೆದರೂ ಸಿಆರ್‌ಪಿಎಫ್, ಬಿಎಸ್‌ಎಫ್‌ನಲ್ಲಿ ನಡೆಯಲಿಕ್ಕಿಲ್ಲ. ಆಯಾ ಅಧಿಸೂಚನೆಯಲ್ಲಿ ಬರೆದದ್ದೇ ಅಂತಿಮ, ಅದನ್ನು ಓದದೆ ಸೂಜಿ ಹತ್ತಿರ ಹೋಗಬಾರದು.

ನಮ್ಮ ಹುಡುಗರು ಇಷ್ಟಪಡುವ ಜಾಗ ಯಾವುದು? ರಟ್ಟೆ, ಎದೆ, ಕುತ್ತಿಗೆ. ಸಂಗೊಳ್ಳಿ ರಾಯಣ್ಣನನ್ನೋ ಶಿವಾಜಿ ಮಹಾರಾಜರನ್ನೋ ರಟ್ಟೆಯ ಮೇಲೆ ಹೊತ್ತ ಹುಡುಗನನ್ನು ಸೇನೆ ಬಾಗಿಲಲ್ಲೇ ನಿಲ್ಲಿಸುತ್ತದೆ, ಇದಕ್ಕಿಂತ ವಿಪರ್ಯಾಸ ಬೇಕೇ? ಅಗ್ನಿವೀರ ಭರ್ತಿಗೆ ಹದಿನೇಳೂವರೆ ವರ್ಷಕ್ಕೆ ಬಾಗಿಲು ತೆರೆಯುತ್ತದೆ, ಕೆಲವೇ ವರ್ಷಕ್ಕೆ ಮುಚ್ಚುತ್ತದೆ. ಆ ಕಿರಿದಾದ ಅವಧಿಯಲ್ಲಿ ಒಂದು ವರ್ಷ ಲೇಸರ್‌ಗೆ ಹೋಗುತ್ತದೆ. ಮುಗಿದ ಮೇಲೂ ಬಿಳಿ ಕಲೆ ಉಳಿದರೆ ವೈದ್ಯಕೀಯ ಪರೀಕ್ಷೆಯಲ್ಲಿ ಅದರ ಬಗ್ಗೆಯೂ ಪ್ರಶ್ನೆ ಬರಬಹುದು. ರ‍್ಯಾಲಿಗೆ ತಿಂಗಳಿರುವಾಗ ಚರ್ಮದ ಡಾಕ್ಟರ ಬಳಿ ಓಡಿದರೆ ಏನೂ ಆಗುವುದಿಲ್ಲ.

ಯಾರ ವಾದ ಏನು, ಮುಂದೇನು

ಸರಕಾರದ ನಿಲುವು ಇಂಕಿಗೆ ಮಾನದಂಡ ಬೇಕು ಎಂಬುದು. ಚರ್ಮರೋಗ ತಜ್ಞರು ಅದನ್ನು ಒಪ್ಪುತ್ತಾರೆ, ಜೊತೆಗೆ ಹಾಕುವವರಿಗೆ ತರಬೇತಿ ಮತ್ತು ಪರವಾನಗಿ ಬೇಕೆನ್ನುತ್ತಾರೆ. ಒಳ್ಳೆಯ ಇಂಕಿಗೆ ದುಡ್ಡು ಸುರಿಯುವ ಸ್ಟುಡಿಯೋದವರಿಗೂ ನಿಯಮ ಬಂದರೆ ಲಾಭವೇ, ಅಗ್ಗದ ಪೈಪೋಟಿ ತಗ್ಗುತ್ತದೆ. ಆದರೆ ತಪಾಸಣೆಯ ಹೆಸರಲ್ಲಿ ಕಿರುಕುಳ ಶುರುವಾಗುವ ಅಂಜಿಕೆಯೂ ಇದೆ. ಜಾತ್ರೆಯ ಹಚ್ಚಿಯವರ ದನಿ ಈ ಚರ್ಚೆಯಲ್ಲಿ ಕೇಳಿಯೇ ಇಲ್ಲ. ದಿನದ ದುಡಿಮೆ ನಂಬಿದವರು ಅವರು, ಬೇರೆಯವರ ಆರೋಗ್ಯ ಕೆಡಿಸಬೇಕೆಂದು ಕೂತವರಲ್ಲ.

ಇಂಕಿಗೆ ಮಾತ್ರ ನಿಯಮ ಬಂದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಪ್ರಮಾಣಿತ ಇಂಕಿನ ಬೆಲೆ ಏರುತ್ತದೆ. ದೊಡ್ಡ ಸ್ಟುಡಿಯೋ ಅದನ್ನು ಗಿರಾಕಿಯ ಮೇಲೆ ಹಾಕುತ್ತದೆ. ಸಣ್ಣವರು ಲೇಬಲ್ ಇಲ್ಲದ ಆನ್‌ಲೈನ್ ಬಾಟಲಿ ತರಿಸುತ್ತಾರೆ. ಮಾನದಂಡ ಕಾಗದದಲ್ಲಿ ಇರುತ್ತದೆ, ಮುಚ್ಚಳದಲ್ಲಿ ಅದೇ ಬಣ್ಣ ಇರುತ್ತದೆ. ಅದೂ ಕೇಂದ್ರದಿಂದ ಬರಬೇಕಾದ ನಿಯಮ, ಕಾಯಬೇಕು.

ಸೂಜಿಯ ನಿಯಮಕ್ಕೆ ದಿಲ್ಲಿಯನ್ನು ಕಾಯಬೇಕಿಲ್ಲ. ಇಂಗ್ಲೆಂಡಿನಲ್ಲಿ 1982ರ ಕಾಯ್ದೆಯಡಿ ಟ್ಯಾಟೂ ಅಂಗಡಿಯ ನೋಂದಣಿ, ಸ್ವಚ್ಛತೆಯ ತಪಾಸಣೆ ಸ್ಥಳೀಯ ಆಡಳಿತದ್ದೇ ಕೆಲಸ. 18 ತುಂಬದವರಿಗೆ ಹಾಕುವುದನ್ನು 1969ರಲ್ಲೇ ಅಲ್ಲಿ ನಿಷೇಧಿಸಿದ್ದಾರೆ. ನಮ್ಮಲ್ಲೂ ಸ್ಟುಡಿಯೋಗಳಿಗೆ ಟ್ರೇಡ್ ಲೈಸನ್ಸ್ ಕೊಡುವುದು ನಗರ ಸ್ಥಳೀಯ ಸಂಸ್ಥೆ, ಜಾತ್ರೆಯಲ್ಲಿ ಅಂಗಡಿ ಜಾಗ ಹಂಚುವುದು ದೇವಸ್ಥಾನ ಅಥವಾ ಪಂಚಾಯಿತಿ. ಜಾಗದ ಚೀಟಿ ಕೊಡುವಾಗಲೇ ಮೂರು ಷರತ್ತು ಬರೆಯಬಹುದು: ಒಬ್ಬರಿಗೆ ಒಂದು ಸೂಜಿ, ಒಬ್ಬರಿಗೆ ಒಂದು ಇಂಕಿನ ಬಟ್ಟಲು, 18 ತುಂಬದವರಿಗೆ ಇಲ್ಲ. ಬಳಸಿದ ಸೂಜಿಯ ಡಬ್ಬಿಯನ್ನು ಸಂಜೆ ಜಾತ್ರೆಯ ತಾತ್ಕಾಲಿಕ ಆಸ್ಪತ್ರೆಗೆ ಒಪ್ಪಿಸಬೇಕು ಎಂಬ ನಾಲ್ಕನೆಯದು ಸೇರಿದರೆ ಇನ್ನೂ ಒಳ್ಳೆಯದು, ಡಬ್ಬಿಯಲ್ಲಿನ ಸೂಜಿ ಎಣಿಸಿದರೆ ದಿನಕ್ಕೆ ಎಷ್ಟು ಮಂದಿಗೆ ಹಾಕಿದರು, ಎಷ್ಟು ಸೂಜಿ ಬಳಸಿದರು ಎರಡನ್ನೂ ತಾಳೆ ನೋಡಬಹುದು. ಹೊಸ್ತಿಲ ಹುಣ್ಣಿಮೆಯಿಂದ ಭರತ ಹುಣ್ಣಿಮೆವರೆಗೆ ಯಲ್ಲಮ್ಮನ ಗುಡ್ಡಕ್ಕೆ ಜನ ಹರಿದು ಬರುತ್ತಾರೆ, ನಡುವೆ ಬನದ ಹುಣ್ಣಿಮೆಗೆ ಬನಶಂಕರಿಯಲ್ಲಿ ತೇರು. ಅಂಗಡಿ ಜಾಗದ ಹಂಚಿಕೆ ಅದಕ್ಕೂ ಮುಂಚೆಯೇ ನಡೆಯುತ್ತದೆ.